ಪದವಿಚಾರ: ಮಸೆಯುವುದು

ನೀರು ಚಿಮುಕಿಸಿದ ಕಲ್ಲಿನ ಮೇಲೆ ಅಡಕೆ ಸುಲಿಯುವ ಕತ್ತಿಯನ್ನು ಮಸೆಯುವುದು ಲಕ್ಕವಳ್ಳಿಯ ಸೀಮೆಯ ವಾಚಕರಿಗೆ ಹೊಸತಲ್ಲ. ಇದಕ್ಕೆ ಆಂಗ್ಲರು ‘ವೆಟ್’ ಎನ್ನುವರು. ‘ಒದ್ದೆ’ ಎಂಬರ್ಥದ ಅವರ ಶಬ್ದವೂ ಕಿವಿಗೆ ಅಂತೆಯೇ ಕೇಳುವುದರಿಂದ, ನೀರಿನಿಂದಲೇ ಈ ಹೆಸರು ಬಂದಿತೆಂದು ಎಣಿಸುವವರುಂಟು. ಅದು ಸರಿಯಲ್ಲ. ಹಳೆಯ ಇಂಗ್ಲಿಷಿನ ‘ಹ್ವೆಟ್ಟನ್’ ಎಂಬುದೇ ಇದರ ಮೂಲ. ಅಲಗನ್ನು ಹರಿತಗೊಳಿಸು, ಮನಸ್ಸನ್ನು ಹುರಿದುಂಬಿಸು ಎಂಬೆರಡು ಅರ್ಥಗಳೂ ಅದಕ್ಕೆ ಅಂದೇ ಇದ್ದವು. ಆದುದರಿಂದಲೇ ಆಂಗ್ಲರು ಇಂದಿಗೂ ಹಸಿವನ್ನು ‘ಮಸೆಯುವರು’, ಅಂದರೆ ಕೆರಳಿಸುವರು. ಕನ್ನಡಿಗರಾದ ನಾವಾದರೋ ಹಲ್ಲು ಮಸೆಯುವೆವು, ಒಬ್ಬರ ಮೇಲೊಬ್ಬರು ಕತ್ತಿ ಮಸೆಯುವೆವು. ನಮ್ಮ ನುಡಿಗಟ್ಟಿನಲ್ಲಿ ಈ ಪದವು ಹಗೆಯ ಪಾಲಾಗಿದೆ. ವಾಚಕರೇ, ಕತ್ತಿಯನ್ನು ಅಡಕೆಗೆಂದೇ ಮಸೆಯೋಣ. ನೆರೆಯವರ ಮೇಲೆ ಬೇಡ.