ನೀರೂ ನೆಲದ ನಡುಕವೂ

ಮಳವಳ್ಳಿಯ ಸೀಮೆಯಲ್ಲಿ ಕಾವೇರಿ, ಶಿಂಷಾ ನದಿಗಳು ಹರಿಯುತ್ತಿದ್ದರೂ ನಾಲೆಯ ನೀರು ತಲಪದ ಹೊಲಗಳಿಗೆ ಕೊಳವೆ ಬಾವಿಯೇ ಆಸರೆ. ಬತ್ತಿದ ಬಾವಿಗೆ ಮಳೆಯ ನೀರನ್ನು ಇಂಗಿಸುವುದು ವಿವೇಕದ ಕಾರ್ಯ. ಆದರೆ ನೆಲದೊಳಕ್ಕೆ ನೀರು ಸೇರಿಸಿದರೆ ಭೂಕಂಪವಾದೀತೆಂಬ ಮಾತನ್ನು ಕೇಳಿದವರಿಗೆ ಅಳುಕು ಹುಟ್ಟುವುದು ಸಹಜ. ಈ ಅಳುಕಿನಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ವಿವೇಚಿಸಬೇಕು.

ಭೂಮಿಯ ಆಳದ ಬಂಡೆಗಳಲ್ಲಿ ಸ್ತರಭಂಗಗಳೆಂಬ ಬಿರುಕುಗಳಿವೆ. ಅವುಗಳ ಎರಡು ಮೈಗಳೂ ಅಪಾರವಾದ ಒತ್ತಡದಿಂದ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಬೀಸುವ ಕಲ್ಲಿನ ಮೇಲ್ಗಲ್ಲನ್ನು ತುಸು ಎತ್ತಿ ಹಿಡಿದರೆ ಅದು ಸಲೀಸಾಗಿ ತಿರುಗುವುದಷ್ಟೆ. ಹಾಗೆಯೇ ಬಿರುಕನ್ನು ಹೊಕ್ಕ ದ್ರವದ ಒತ್ತಡವು ಆ ಬಿಗಿತವನ್ನು ಸಡಿಲಿಸುತ್ತದೆ. ಸರಿಯಲು ಮೊದಲೇ ಅಣಿಯಾಗಿದ್ದ ಬಂಡೆ ಆಗ ಥಟ್ಟನೆ ಜಾರುತ್ತದೆ, ನೆಲ ನಡುಗುತ್ತದೆ.

ಅಮೆರಿಕದ ಡೆನ್ವರ್ ನಗರದ ಬಳಿ 1962ರಲ್ಲಿ ರಾಸಾಯನಿಕ ಕಾರ್ಖಾನೆಯೊಂದರ ಕೊಳಕು ನೀರನ್ನು ಮೂರೂವರೆ ಕಿಲೋಮೀಟರಿಗೂ ಹೆಚ್ಚು ಆಳದ ಬಾವಿಗೆ ತುಂಬತೊಡಗಿದರು. ಕೆಲವೇ ವಾರಗಳಲ್ಲಿ ಕಂಪನಗಳು ತಲೆದೋರಿದವು. 1966ರಲ್ಲಿ ತುಂಬುವುದನ್ನು ನಿಲ್ಲಿಸಿದರೂ ಅವು ನಿಲ್ಲಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಂಪನಗಳು 1967ರಲ್ಲಿ ಸಂಭವಿಸಿದವು. ಆಳಕ್ಕಿಳಿದ ಒತ್ತಡವು ಮನುಷ್ಯನ ಅಪ್ಪಣೆಗೆ ಕಾದು ಕುಳಿತಿರುವುದಿಲ್ಲ.

ನಮ್ಮ ನೆರೆಯಲ್ಲಿಯೂ ಇದಕ್ಕೆ ಸಮೀಪದ ನಿದರ್ಶನವಿದೆ. ಕೃಷ್ಣೆಯನ್ನು ಕೂಡಿಕೊಳ್ಳುವ ಕೊಯ್ನಾ ನದಿಗೆ ಮಹಾರಾಷ್ಟ್ರದಲ್ಲಿ 103 ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಿ ಜಲಾಶಯವನ್ನು ತುಂಬಿಸಿದ ಮೇಲೆ ಆ ಪ್ರದೇಶದಲ್ಲಿ ಕಂಪನಗಳು ಹೆಚ್ಚಿದವು. 1967ರ ಡಿಸೆಂಬರ್ 11ರ ಭೂಕಂಪದಲ್ಲಿ ಸುಮಾರು 180 ಮಂದಿ ಪ್ರಾಣ ಕಳೆದುಕೊಂಡರು. ಜಲಾಶಯದ ನೀರಿನ ಭಾರವೂ ಬಿರುಕುಗಳಿಗೆ ಇಳಿದ ನೀರಿನ ಒತ್ತಡವೂ ಇದನ್ನು ಪ್ರಚೋದಿಸಿದವೆಂದು ವಿಜ್ಞಾನಿಗಳು ವಿವರಿಸುತ್ತಾರೆ.

ಹಾಗೆಂದು ಮಳವಳ್ಳಿಯ ರೈತನು ಮಳೆನೀರನ್ನು ಇಂಗಿಸಲು ಅಂಜಬೇಕಾಗಿಲ್ಲ. ಅವನು ಯಂತ್ರದ ಬಲದಿಂದ ನೀರನ್ನು ಆಳಕ್ಕೆ ತಳ್ಳುತ್ತಿಲ್ಲ. ನೆಲದಿಂದ ಪಡೆದ ಸಾಲದಲ್ಲಿ ಒಂದಿಷ್ಟನ್ನು ಹಿಂದಿರುಗಿಸುತ್ತಿದ್ದಾನೆ, ಅಷ್ಟೆ. ಮರಳು, ಜಲ್ಲಿಗಳಲ್ಲಿ ಸೋಸಿದ ಸ್ವಚ್ಛ ನೀರು ತಾನಾಗಿಯೇ ಇಳಿದು, ಕುಸಿದ ಅಂತರ್ಜಲವನ್ನು ಹಿಂದಿನ ಮಟ್ಟದತ್ತ ತರುತ್ತದೆ. ಅದನ್ನೂ ಡೆನ್ವರಿನ ಬಾವಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಆದರೆ ಎಲ್ಲಿ ದ್ರವವನ್ನು ಭಾರಿ ಒತ್ತಡದಿಂದ ಭೂಗರ್ಭಕ್ಕೆ ನುಗ್ಗಿಸಲಾಗುವುದೋ ಅಲ್ಲಿ ಕೆಲಸಕ್ಕೆ ಮೊದಲೇ ಬಂಡೆಗಳ ಪರೀಕ್ಷೆ ನಡೆಯಬೇಕು; ಕಂಪನಮಾಪಕಗಳನ್ನು ಇಡಬೇಕು; ಅವು ತಿಳಿಸುವುದನ್ನು ಸುತ್ತಲಿನ ಜನರಿಂದ ಮರೆಮಾಡಬಾರದು. ಸಣ್ಣ ಕಂಪನವನ್ನು ಕಂಡಾಗಲೇ ಕೈ ತಡೆಯಬೇಕು. ಅಜ್ಞಾನದಿಂದ ಹುಟ್ಟಿದ ಭಯವು ಒಳ್ಳೆಯ ಕೆಲಸವನ್ನು ಕೆಡಿಸುತ್ತದೆ. ಅಜ್ಞಾನದಿಂದ ಹುಟ್ಟಿದ ಧೈರ್ಯವು ಊರನ್ನೇ ಕೆಡಿಸಬಲ್ಲದು. ಎರಡಕ್ಕೂ ಮದ್ದು ಒಂದೇ: ಅಳೆದು ತಿಳಿಯುವುದು, ತಿಳಿದು ನಡೆಯುವುದು.