ಸ್ಟೋರಿ ಹಾಕಿದ್ರಿ, ಸಿನಿಮಾ ನೋಡಿದ್ರಾ?

2024ರಲ್ಲಿ ‘ಘಟಶ್ರಾದ್ಧ’ದ ರಿಪೇರಿಯಾದ ಪ್ರಿಂಟ್ ವೆನಿಸ್ ಚಿತ್ರೋತ್ಸವದಲ್ಲಿ ಓಡ್ತು. ಎಷ್ಟು ಜನ ಸ್ಟೋರಿ ಹಾಕಿದ್ರಿ! ‘ಕನ್ನಡದ ಹೆಮ್ಮೆ’, ಪಕ್ಕದಲ್ಲಿ ಹಳದಿ-ಕೆಂಪು ಹಾರ್ಟು. ಅದೇ ನೀವು ಕ್ಯಾಂಟೀನಲ್ಲಿ ಗಿರೀಶ್ ಕಾಸರವಳ್ಳಿ ಹೆಸರೆತ್ತಿದ್ರೆ, ‘ಅಯ್ಯೋ ಅವಾರ್ಡ್ ಸಿನಿಮಾ ಗುರು, ನಿದ್ದೆ ಬರುತ್ತೆ’ ಅಂತೀರ. ನೋಡಿದೀರಾ ಅಂದ್ರೆ, ಇಲ್ಲ. ಆಸ್ತಿ ಸೊನ್ನೆ, ಗುಡ್‌ವಿಲ್ ಮಾತ್ರ ಕೋಟಿ. ಇಂಥ ಬ್ಯಾಲೆನ್ಸ್ ಶೀಟ್‌ಗೆ ಅಕೌಂಟ್ಸ್ ಮೇಷ್ಟ್ರು ಎಷ್ಟು ಮಾರ್ಕ್ಸ್ ಕೊಡ್ತಾರೆ ಹೇಳಿ.

ಇವರೇನು ಹುಟ್ಟುತ್ತಲೇ ‘ಲೆಜೆಂಡ್’ ಅಲ್ಲ. ತೀರ್ಥಹಳ್ಳಿ ಕಡೆಯವರು, ಮಣಿಪಾಲದಲ್ಲಿ ಬಿ.ಫಾರ್ಮ ಓದಿದವರು. (ಓದು ಮುಗಿಸಿದ್ರು. ‘ಡಿಗ್ರಿ ಬಿಡು, ಪ್ಯಾಷನ್ ಹಿಡಿ’ ಅನ್ನೋ ರೀಲ್ಸ್ ಅಣ್ಣಂದಿರು ಗಮನಿಸಿ.) ಆಮೇಲೆ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟ್, ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕ. 1977ರಲ್ಲಿ, ಇಪ್ಪತ್ತೇಳು ತುಂಬೋ ಹೊತ್ತಿಗೆ, ಯು.ಆರ್. ಅನಂತಮೂರ್ತಿಯವರ ಕಥೆ ತಗೊಂಡು ‘ಘಟಶ್ರಾದ್ಧ’ ಮಾಡಿದ್ರು. ಮೊದಲ ಚಿತ್ರಕ್ಕೇ ಸ್ವರ್ಣಕಮಲ. ಆಮೇಲೆ ಇನ್ನೂ ಮೂರು ಬಂತು. ಆ ಲೆಕ್ಕ ಇಲ್ಲಿ ಬೇಡ, ನಿಮಗೆ ಕಾಣೋದು ಪದಕ ಮಾತ್ರ ಅನ್ನೋದೇ ನನ್ನ ತಕರಾರು.

ಕಥೆ ಏನು ಗೊತ್ತಾ? ವೇದ ಪಾಠಶಾಲೆಗೆ ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿ. ಅಲ್ಲಿ ಅವನನ್ನ ಪ್ರೀತಿಯಿಂದ ನೋಡ್ಕೊಳ್ಳೋಳು ಗುರುಗಳ ಮಗಳು, ವಿಧವೆ ಯಮುನಕ್ಕ. ಅವಳು ಬಸುರಿ ಆಗ್ತಾಳೆ. ಅಗ್ರಹಾರಕ್ಕೆ ಗೊತ್ತಾಗುತ್ತೆ. ಹೆತ್ತಪ್ಪನೇ, ಬದುಕಿರೋ ಮಗಳಿಗೆ ಶ್ರಾದ್ಧ ಮಾಡಿ, ಜಾತಿಯಿಂದ ಹೊರಗೆ ಹಾಕ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತಿರ್ತಾಳೆ ಅವಳು. ಅತ್ತ ಅದೇ ಅಪ್ಪ ಚಿಕ್ಕ ಹುಡುಗಿ ಜೊತೆ ಮದುವೆಗೆ ತಯಾರು.

‘ಸ್ಲೋ’ ಅಂತೀರಲ್ಲ, ಅದು ಯಾಕೆ ಸ್ಲೋ ಅಂತ ಒಂದು ಸಲ ಯೋಚಿಸಿ. ಇಡೀ ಚಿತ್ರ ನಮಗೆ ಕಾಣೋದು ನಾಣಿ ಕಣ್ಣಿಂದ. ದೊಡ್ಡವರು ಅವನಿಗೆ ಏನೂ ಬಿಡಿಸಿ ಹೇಳಲ್ಲ. ದೊಡ್ಡ ಹುಡುಗರ ಗುಸುಗುಸು, ಮುಚ್ಚಿದ ಬಾಗಿಲು, ಕತ್ತಲು: ಇಷ್ಟರಲ್ಲೇ ಅವನು ಅರ್ಥ ಮಾಡ್ಕೋಬೇಕು. ನೀವೂ ಅವನ ಜೊತೆ ಹೆದರಿಕೊಂಡು ಕಾಯ್ಬೇಕು. ಅದನ್ನ 1.5 ಸ್ಪೀಡಲ್ಲಿ ಓಡಿಸಿದ್ರೆ ಕಥೆ ಗೊತ್ತಾಗುತ್ತೆ, ಭಯ ಗೊತ್ತಾಗಲ್ಲ.

‘ಅದೆಲ್ಲ ಹಳೇ ಕಾಲ, ಈಗ ಯಾರು ಹಂಗೆ ಮಾಡ್ತಾರೆ’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಾವು ಮಾಡ್ತೀವಿ. ಒಬ್ಬ ಹುಡುಗಿಯ ಚಾಟ್ ಸ್ಕ್ರೀನ್‌ಶಾಟ್ ಕ್ಲಾಸ್ ಗ್ರೂಪಿಗೆ ಬಿದ್ದ ದಿನ ನಾವೇನು ಮಾಡ್ತೀವಿ? ನಗೋ ಎಮೋಜಿ ಒಬ್ಬರದು, ಫಾರ್ವರ್ಡ್ ಹತ್ತು ಜನರದು. ಮಾರನೇ ದಿನ ಅವಳ ಪಕ್ಕದ ಸೀಟು ಖಾಲಿ. ಅತ್ತ ಚಾಟ್ ಮಾಡಿದ ಹುಡುಗ ಎಂದಿನ ಹಾಗೆ ಹಿಂದಿನ ಬೆಂಚಲ್ಲಿ ತಮಾಷೆ ಮಾಡ್ಕೊಂಡು ಇರ್ತಾನೆ, ಅವನನ್ನ ಯಾರೂ ಏನೂ ಕೇಳಲ್ಲ. ಮಡಕೆ ಒಡೆಯೋದೊಂದೇ ಬಾಕಿ. ನಾಣಿಗೆ ಆಗ ಏನೂ ಮಾಡೋ ವಯಸ್ಸಿರ್ಲಿಲ್ಲ. ನಮಗೆ ಇಪ್ಪತ್ತು.

ಇಂಥ ಸಿನಿಮಾನ ‘ಹೆಮ್ಮೆ’ ಅಂತ ಕರೆದು ಶೋಕೇಸಲ್ಲಿ ಇಡೋದು ಸುಲಭ. ಪದಕದ ಫೋಟೊ ನಮ್ಮನ್ನ ವಾಪಸ್ ಪ್ರಶ್ನೆ ಕೇಳಲ್ಲ ಅಲ್ವಾ.

ನೋಡಿದ ಮೇಲೂ ಬೋರ್ ಅನ್ಸಿದ್ರೆ ಬನ್ನಿ, ಕಾಮೆಂಟಲ್ಲಿ ಜಗಳ ಆಡೋಣ. ನೋಡದೇ ಬರೋರಿಗೆ ರಿಪ್ಲೈ ಇಲ್ಲ.

ಮುಂದಿನ ಪೋಸ್ಟು ‘ತಬರನ ಕಥೆ’ ಬಗ್ಗೆ. ಸ್ಕಾಲರ್‌ಶಿಪ್‌ಗೆ ಅಂತ ಆಫೀಸ್ ಅಲೆದವರು ಮೊದಲೇ ನೋಡ್ಕೊಂಡು ಬನ್ನಿ.