ಗ್ರಾಫಿಟಿಗೆ ಸ್ಫೂರ್ತಿ ಎಲ್ಲಿಂದ? ಮೊದಲು ನಮ್ಮೂರ ಗೋಡೆ ನೋಡ್ರಪ್ಪಾ...

ಗ್ರಾಫಿಟಿ ಅನ್ನೋದು ನಮ್ಮ ಕಡೆಯದ್ದಲ್ಲ, ಅಮೆರಿಕದಿಂದ ಬಂದಿದ್ದು ಅನ್ನೋ ಮಾತನ್ನ ನಾನು ಒಪ್ಪಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನಿಂದ ಯಾವ ದಿಕ್ಕಿಗಾದ್ರೂ ಹತ್ತು ನಿಮಿಷ ನಡೀರಿ. "ಇಲ್ಲಿ ಮೂತ್ರ ಮಾಡಬಾರದು", ಅದರ ಪಕ್ಕ ಸಿಮೆಂಟ್ ಜಾಹೀರಾತು, ಅದರ ಮೇಲೆ ಯಾವುದೋ ಹಳೇ ಚುನಾವಣೆಯ ಚಿಹ್ನೆ, ಅದರ ಮೇಲೆ ಇದ್ದಿಲಲ್ಲಿ ಬರೆದ ಎರಡು ಹೆಸರು, ಮಧ್ಯೆ ಒಂದು ಹೃದಯ. ಗೋಡೆ ಮೇಲೆ ಬರೆಯೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ :)

ಹಾಗಿದ್ದೂ ಕುಂಚ ಹಿಡಿದ ನಮ್ಮ ಹುಡುಗರು ಸ್ಫೂರ್ತಿ ಹುಡುಕೋದು ಮೊಬೈಲ್ ಒಳಗೆ. ನಾನು ವಾರವೆಲ್ಲಾ ಬೆಂಗಳೂರಲ್ಲಿ ಕೋಡ್ ಬರೆದು, ವಾರಾಂತ್ಯಕ್ಕೆ ಸಿಕ್ಕ ಗೋಡೆಗೆ ಬಣ್ಣ ಬಳಿಯೋ ಗಿರಾಕಿ. ಹಾಗಾಗಿ ಇಂಥ ಹುಡುಗರ ಸಹವಾಸ ಜಾಸ್ತಿ. "ಅಣ್ಣಾ, ಏನ್ ಬರೀಲಿ, ಐಡಿಯಾನೇ ಬರ್ತಿಲ್ಲ" ಅಂತಾರೆ. ಆಮೇಲೆ ಪಿಂಟರೆಸ್ಟ್ ತೆಗೀತಾರೆ. ಮಾರನೇ ದಿನ ಗೋಡೆ ಮೇಲೆ ಎರಡು ರೆಕ್ಕೆ, ಮಧ್ಯೆ ನಿಂತು ಫೋಟೋ ತೆಗೆಸಿಕೊಳ್ಳೋಕೆ ಜಾಗ. ಆ ರೆಕ್ಕೆಯನ್ನ 2012ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊಲೆಟ್ ಮಿಲ್ಲರ್ ಅನ್ನೋ ಕಲಾವಿದೆ ಬರೆದ್ರು. ಆ ಊರಿನ ಹೆಸರಲ್ಲೇ ದೇವತೆಗಳಿದ್ದಾರೆ, ಅಲ್ಲಿಗೆ ಅರ್ಥ ಇದೆ. ನ್ಯಾಮತಿ ಸಂತೆ ಬೀದಿಯಲ್ಲಿ ಅದಕ್ಕೇನು ಕೆಲಸ? ಇನ್ನು ಅಂಗನವಾಡಿಯಿಂದ ಹಿಡಿದು ತಾಲ್ಲೂಕು ಕಚೇರಿ ಕಾಂಪೌಂಡಿನ ತನಕ ವಾರ್ಲಿ ಬೊಂಬೆಗಳು. ವಾರ್ಲಿ ಬಗ್ಗೆ ನನಗೆ ಬೇಜಾರಿಲ್ಲ, ಅದು ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಆದಿವಾಸಿಗಳ ಮನೆ ಗೋಡೆಯ ಚಿತ್ರ, ಅವರ ಬದುಕು. ಆದ್ರೆ ಪಕ್ಕದ ಸಾಗರ, ಸೊರಬದಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಎಳೆಯೋ ಹಸೆ ಚಿತ್ತಾರ ಇರುವಾಗ ಇಷ್ಟು ದೂರ ಹೋಗಿ ಸಾಲ ತರೋದು ಯಾಕೆ ಅಂತ.

ನ್ಯೂಯಾರ್ಕಿನವರು ಏನು ಮಾಡಿದ್ರು ಅಂತ ಒಮ್ಮೆ ನೋಡಿ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 'ಟಾಕಿ 183' ಅನ್ನೋ ಹುಡುಗನ ಬಗ್ಗೆ ಬರೀತು. ಪಾರ್ಸೆಲ್ ತಲುಪಿಸೋ ಕೆಲಸ, ಹೋದಲ್ಲೆಲ್ಲಾ ತನ್ನ ಅಡ್ಡಹೆಸರು ಮತ್ತು ತನ್ನ ಬೀದಿ ನಂಬರು ಬರೆದು ಬರ್ತಿದ್ದ. ಅಷ್ಟೇ. ಹೆಸರು, ಬೀದಿ. ಅಲ್ಲಿಂದ ಮುಂದೆ ಅಕ್ಷರಗಳು ಊದಿಕೊಂಡವು, ಒಂದಕ್ಕೊಂದು ಹೆಣೆದುಕೊಂಡವು, ಬಾಣ ಬಂದವು. ನನ್ನ ಪ್ರಕಾರ ಅದಕ್ಕೊಂದು ಕಾರಣ ಇದೆ. ಇಂಗ್ಲಿಷ್ ದೊಡ್ಡಕ್ಷರಗಳೆಲ್ಲಾ ಹೆಚ್ಚುಕಮ್ಮಿ ಕಡ್ಡಿ ಜೋಡಿಸಿದ ಹಾಗೆ, ತಿರುಚದೆ ಕುಣಿಯಲ್ಲ. ಅದಕ್ಕೇ ತಿರುಚಿದ್ರು. ನಮ್ಮವರು ಆ ತಿರುಚಿದ್ದನ್ನ ತಂದು ಕನ್ನಡದ ಮೇಲೆ ಹೇರ್ತಾರೆ. ಕನ್ನಡ ಅಕ್ಷರ ಮೊದಲೇ ದುಂಡಗೆ ಕುಣೀತಾ ನಿಂತಿರುತ್ತೆ ಸ್ವಾಮಿ! ಅದನ್ನ ಇನ್ನೂ ಊದಿಸಿದ್ರೆ ಯಾವುದು 'ರ', ಯಾವುದು 'ಠ' ಅಂತ ಬರೆದವನಿಗೇ ಗೊತ್ತಾಗಲ್ಲ.

ನಮ್ಮ ನಾಲ್ಕು ಊರಿನ ಹೆಸರನ್ನೇ ತಗೊಳ್ಳಿ. ಚನ್ನಗಿರಿ. ಕೊನೆಯಲ್ಲಿ ಎರಡು ಗುಡಿಸು ಅಕ್ಕಪಕ್ಕ ಬರ್ತವೆ, ಊರ ಕೋಟೆ ಗುಡ್ಡದ ಹಾಗೆ. 'ಗಿರಿ' ಅನ್ನೋದನ್ನ ಬೇರೆ ಚಿತ್ರ ಬರೆದು ತೋರಿಸೋ ಅಗತ್ಯವೇ ಇಲ್ಲ. ನ್ಯಾಮತಿಯ ಮೊದಲ ಅಕ್ಷರಕ್ಕೆ 'ಯ' ಒತ್ತು. ಅದರ ಬಾಲ ಹಿಡಿದು ಎಳೆದ್ರೆ ಇಡೀ ಹೆಸರಿನ ಕೆಳಗೆ ಗೆರೆಯಾಗಿ ಹೋಗುತ್ತೆ. ಹೊನ್ನಾಳಿಯ 'ನಾ'ದ ಕೆಳಗೆ ಇನ್ನೊಂದು 'ನ' ತೂಗ್ತಾ ಇರುತ್ತೆ, ಸೇತುವೆ ಕೆಳಗಿನ ನೆರಳಿನ ಥರ. ಜಗಳೂರಿಗೆ ಒಂದೂ ಒತ್ತಿಲ್ಲ, ಆದ್ರೆ 'ಜಗಳ' ಮತ್ತು 'ಊರು' ಎರಡೂ ಒಳಗೇ ಇವೆ (ಜಗಳೂರಿನವರು ಈ ಜೋಕ್ ಸಾವಿರ ಸಲ ಕೇಳಿರ್ತಾರೆ, ಕ್ಷಮಿಸಿ). ಒತ್ತು ಸಾಲಿನ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ, ಹಾಗಾಗಿ ಕನ್ನಡದ ಗೋಡೆ ಬರಹಕ್ಕೆ ಇಂಗ್ಲಿಷಿಗಿಂತ ಹೆಚ್ಚು ಎತ್ತರದ ಲೆಕ್ಕಾಚಾರ ಬೇಕು. ಈ ಲೆಕ್ಕ ಗೊತ್ತಿದ್ದವರು ಯಾರು? ನಮ್ಮ ಬೋರ್ಡ್ ಬರೆಯೋರು, 'ಆರ್ಟ್ಸ್' ಅಂತ ಅಂಗಡಿ ಇಟ್ಕೊಂಡಿದ್ದ ಪೇಂಟರ್‌ಗಳು. ದಾರಕ್ಕೆ ಸೀಮೆಸುಣ್ಣ ಬಳಿದು, ಎರಡು ತುದಿ ಹಿಡಿದು ಗೋಡೆಗೆ ಟಪ್ ಅಂತ ಚಿಮ್ಮಿಸಿದ್ರೆ ನೇರ ಗೆರೆ. ಚಪ್ಪಟೆ ಕುಂಚ, ಒಂದೇ ಎಳೆತಕ್ಕೆ ತಲೆಕಟ್ಟು. ಅಳಿಸೋಕೆ ಕಂಟ್ರೋಲ್ ಜೆಡ್ ಇಲ್ಲ.

ಫ್ಲೆಕ್ಸ್ ಬಂದಿದ್ದೇ ಇವರ ಅನ್ನ ಹೋಯ್ತು. ಹೋಗಿದ್ದು ಅನ್ನ ಮಾತ್ರ ಅಲ್ಲ. ಹಳೇ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದ್ರೆ ಒತ್ತಕ್ಷರ ಬಿಚ್ಚಿಕೊಳ್ಳೋದು, ನಮ್ಮೂರು 'ಚನ್‌ನಗಿರಿ' ಆಗೋದು ನಿಮಗೆಲ್ಲಾ ಗೊತ್ತು. ಬರಹ, ನುಡಿ, ಯೂನಿಕೋಡ್ ಅಂತ ನಾವು ಬ್ಲಾಗಿಗರು ಪಟ್ಟ ಪಾಡು ನೆನಪಿರಬೇಕಲ್ಲ! 'ಬಾಲೂ ತಮ್ಮ' ಥರದ ಒಳ್ಳೇ ಫಾಂಟುಗಳು ಆಮೇಲೆ ಬಂದ್ವು ನಿಜ. ಆದ್ರೆ ಎಲ್ಲಾ ಅಂಗಡಿಗೂ ಒಂದೇ ತಮ್ಮ ಆದ್ರೆ ಹೇಗೆ? ಹಿಂದೆ ಅಕ್ಷರ ನೋಡಿದ್ರೆ ಇದು ಯಾರ ಕೈ ಅಂತ ಹೇಳಬಹುದಿತ್ತು. ದೆಹಲಿಯ ಹನೀಫ್ ಕುರೇಶಿ ಬೀದಿ ಪೇಂಟರ್‌ಗಳ ಅಕ್ಷರಗಳನ್ನ ಹುಡುಕಿ ಡಿಜಿಟಲ್ ಫಾಂಟ್ ಮಾಡಿಟ್ಟರು. 2024ರಲ್ಲಿ ತೀರಿಕೊಂಡರು. ನಮ್ಮ ಹೊನ್ನಾಳಿಯ, ಚನ್ನಗಿರಿಯ ಕೈಗಳನ್ನ ಯಾರು ಹಿಡಿದಿಡ್ತಾರೆ? ಕುಂಚ ಕೆಳಗಿಟ್ಟವರಿಗೆ ವಯಸ್ಸಾಗ್ತಿದೆ, ಅವರ ಅಕ್ಷರ ಇರೋ ಗೋಡೆಗಳಿಗೆ ಪ್ರತಿ ದೀಪಾವಳಿಗೂ ಸುಣ್ಣ ಬೀಳ್ತಿದೆ.

ಸುಣ್ಣದ ಮಾತು ಬಂತಲ್ಲ, ಇದನ್ನ ಹೇಳಲೇಬೇಕು. ನಮ್ಮ ಕಡೆ ಹಳೇ ಶಾಲೆ, ಸೊಸೈಟಿ ಕಟ್ಟಡದ ಗೋಡೆ ಹತ್ತಿರದಿಂದ ನೋಡಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ತಾಲ್ಲೂಕಿನ ಘೋಷಣೆ ಆಗಿದ್ದು 2017ರ ಬಜೆಟ್‌ನಲ್ಲಿ, 49 ಹೊಸ ತಾಲ್ಲೂಕುಗಳ ಜೊತೆ. ಪ್ರತಿ ಸಲವೂ ಪೇಂಟರ್ ಬಂದು 'ತಾ||' 'ಜಿ||' ತಿದ್ದಿ ಹೋಗಿದ್ದಾನೆ. ಬಣ್ಣ ಸುಲಿದಲ್ಲಿ 'ದಾವಣಗೆರೆ'ಯ ಒಳಗಿಂದ 'ಶಿವಮೊಗ್ಗ' ಇಣುಕುತ್ತೆ. ಒಂದರ ಮೇಲೊಂದು ಮೂರು ಪದರ. ಇದಕ್ಕಿಂತ ಒಳ್ಳೇ ಮ್ಯೂರಲ್ ಯಾವ ಗ್ಯಾಲರಿಯಲ್ಲಿದೆ ಹೇಳಿ. ನಾನು ಇಂಥ ಗೋಡೆ ಸಿಕ್ಕಿದ್ರೆ ಫೋಟೋ ತೆಗೆದಿಟ್ಕೋತೀನಿ. ಬಣ್ಣದ ಮೇಲೆ ಬಣ್ಣ ಹೇಗೆ ಕೂರಿಸಬೇಕು ಅನ್ನೋದನ್ನ ನಾನು ಯೂಟ್ಯೂಬಿಗಿಂತ ಇಲ್ಲಿ ಜಾಸ್ತಿ ಕಲಿತಿದ್ದೇನೆ.

ಅಕ್ಷರ ಚಂದ ಇದ್ರೆ ಸಾಲದು, ಹೇಳೋಕೆ ಏನಾದ್ರೂ ಇರಬೇಕು. 1980ರಲ್ಲಿ ರೈತ ಸಂಘ ಹುಟ್ಟಿದ ಮೇಲೆ ಊರಬಾಗಿಲಲ್ಲಿ ಬೋರ್ಡು ನೆಟ್ಟಿದ್ದು ಎಷ್ಟು ಜನಕ್ಕೆ ನೆನಪಿದೆಯೋ. ನಮ್ಮ ಅಪ್ಪಂದಿರನ್ನ ಕೇಳಿ, ಹೇಳ್ತಾರೆ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಓಡಾಡಿದ ಅಂದಿನ ಶಿವಮೊಗ್ಗ ಜಿಲ್ಲೆ ಆ ಚಳವಳಿಯ ನೆಲ. ರೈತ ಸಂಘದ ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಅನ್ನೋದು ಆ ಬೋರ್ಡಿನ ಸಾರಾಂಶ. ಸಾಲ ವಸೂಲಿಗೆ ಬಂದ ಜೀಪು ಅದನ್ನ ಓದಬೇಕಿತ್ತು. ಚಿತ್ರ ಇಲ್ಲ, ನೆರಳು ಬೆಳಕು ಇಲ್ಲ. ಓದೋನು ಯಾರು ಅಂತ ಬರೆದವನಿಗೆ ಖಚಿತವಾಗಿ ಗೊತ್ತಿತ್ತು. ಏನ್ ಬರೀಲಿ ಅಂತ ಕೇಳೋ ಹುಡುಗರಿಗೆ ನಾನು ತಿರುಗಿ ಕೇಳೋದು ಇದನ್ನೇ: ಯಾರು ಓದಬೇಕು ನಿನ್ನ ಗೋಡೆನ?

ಬಾದಲ್ ನಂಜುಂಡಸ್ವಾಮಿ ಗೊತ್ತಲ್ಲ, ಮೈಸೂರಿನ ಕಾವಾದಲ್ಲಿ ಓದಿದ ಕಲಾವಿದ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆ ಬಿಟ್ಟರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ವಿಕ್ರಮ್ ಇಳಿಯೋ ಕೆಲವೇ ದಿನ ಮುಂಚೆ, ಹೇರೋಹಳ್ಳಿ ಕಡೆ ಗುಂಡಿ ಬಿದ್ದ ರಸ್ತೆ ಮೇಲೆ ಗಗನಯಾತ್ರಿಯನ್ನ ನಡೆಸಿ ವಿಡಿಯೋ ಮಾಡಿದ್ರು. ಜಗತ್ತೆಲ್ಲಾ ನೋಡಿತು. ಆ ಗುಂಡಿ ದಿನಾ ಸಾವಿರಾರು ಜನರ ಕಣ್ಣಿಗೆ ಬೀಳ್ತಿತ್ತು. ಅವರಿಗೆ ಅದು ಚಂದ್ರನ ಹಾಗೆ ಕಾಣಿಸ್ತು, ಅಷ್ಟೇ ವ್ಯತ್ಯಾಸ.

ಹಾಗಾದ್ರೆ ನಮ್ಮ ಕಡೆಯ ಗುಂಡಿ ಯಾವುದು? ನನ್ನ ಕೇಳಿದ್ರೆ ನೀರು. ಮಳೆಗಾಲದಲ್ಲಿ ತುಂಗಭದ್ರೆ ಏರಿದ್ರೆ ಹೊನ್ನಾಳಿಯ ಬಾಲರಾಜ್ ಘಾಟ್‌ನವರು ಪಾತ್ರೆ ಪಗಡ ಕಟ್ಟಿಕೊಂಡು ಹೊರಡಬೇಕು. ಅದೇ ಹೊಳೆ ಕೆಳಗೆ ಹರಿಹರದ ಕಡೆ ಹೋಗುತ್ತೆ. ಅಲ್ಲಿ ದೀಟೂರಿನ ಹತ್ತಿರ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸೋ ಯೋಜನೆಗೆ ಜನ ವರ್ಷಗಟ್ಟಲೆ ಕಾದರು, ಬರ ಕಂಡು ಬೇಸತ್ತ ತಾಲ್ಲೂಕು ಅದು. ಒಂದೇ ಹೊಳೆ, ಒಂದು ಕಡೆ ಮನೆಗೆ ನುಗ್ಗುತ್ತೆ, ಇನ್ನೊಂದು ಕಡೆ ಪೈಪಲ್ಲಿ ಬರಬೇಕು. ನನಗೆ ಚಿತ್ರ ಬೇಡ, ಒಂದು ನೀಲಿ ಗೆರೆ ಸಾಕು. ಹೊನ್ನಾಳಿಯಲ್ಲಿ ನೀರು ಏರಿದ ಎತ್ತರಕ್ಕೆ ಮನೆ ಗೋಡೆ ಮೇಲೆ ಗೆರೆ, ಪಕ್ಕದಲ್ಲಿ ಇಸವಿ. ಜಗಳೂರಲ್ಲಿ ಕೆರೆ ಏರಿಯ ಕಲ್ಲಿನ ಮೇಲೆ ಅದೇ ನೀಲಿ, ನೀರು ನಿಂತ ಎತ್ತರಕ್ಕೆ, ಪಕ್ಕದಲ್ಲಿ ಇಸವಿ. ಹತ್ತು ವರ್ಷ ಬಿಟ್ಟು ಎರಡನ್ನೂ ನೋಡಬೇಕು.

ಸ್ಫೂರ್ತಿ ಅಂತ ಸಿಕ್ಕ ಸಿಕ್ಕಲ್ಲಿ ಬರೆಯೋದಕ್ಕೆ ನನ್ನ ವಿರೋಧ ಇದೆ, ಇದನ್ನೂ ಹೇಳಿಬಿಡ್ತೀನಿ. ಸಂತೆಬೆನ್ನೂರು ಪುಷ್ಕರಣಿ 16ನೇ ಶತಮಾನದ್ದು, ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಮೆಟ್ಟಿಲ ಮೇಲೆ ಕೂತು ನೀರ ನಡುವಿನ ಮಂಟಪದ ನೆರಳು ನೋಡಿ, ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಕಲ್ಲಿನ ಮೇಲೆ ಮೊಳೆ ತಗೊಂಡು ಹೆಸರು ಗೀಚೋನು ಕಲಾವಿದ ಅಲ್ಲ. ಕಾನೂನೂ ಬಿಡಲ್ಲ, ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದ್ರೆ ಎರಡು ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಊರೊಳಗಿನ ಗೋಡೆಗಳಿಗೂ 1981ರ ಕಾಯ್ದೆ ಒಂದಿದೆ. ಅನುಮತಿ ಕೇಳೋದೇ ಕ್ಷೇಮ. ಕೇಳಿದ್ರೆ ನಮ್ಮ ಜನ ಕೊಡ್ತಾರೆ ಕೂಡ.

ಚನ್ನಗಿರಿಯಲ್ಲಿ ನಮ್ಮ ದೊಡ್ಡಪ್ಪನ ಅಡಿಕೆ ಗೋಡೌನಿನ ಗೋಡೆ ಈಗ ನನಗೆ ಸಿಕ್ಕಿದೆ, ನಲವತ್ತು ಅಡಿ, ರಸ್ತೆ ಕಡೆಗೆ. ರೆಕ್ಕೆ ಬಿಡಿಸಲ್ಲ ಅಂತ ಮೊದಲೇ ಹೇಳಿದ್ದೀನಿ. ಕುಂಚ ಕೆಳಗಿಟ್ಟ ಪೇಂಟರ್ ಒಬ್ಬರನ್ನ ಒಪ್ಪಿಸಿ ಊರಿನ ಹೆಸರು ಅವರ ಕೈಯಲ್ಲೇ ಬರೆಸೋದು, ಬಣ್ಣ ತುಂಬೋ ಕೂಲಿ ಕೆಲಸ ನನ್ನದು. ದೊಡ್ಡಪ್ಪ ಒಂದೇ ಷರತ್ತು ಹಾಕಿದ್ದಾರೆ: "ಏನಾದ್ರೂ ಬರ್ಕಳಪ್ಪ, ಆದ್ರೆ ಕೆಳಗಡೆ 'ಇಲ್ಲಿ ಮೂತ್ರ ಮಾಡಬಾರದು' ಅಂತ ದಪ್ಪಕ್ಕೆ ಬರೆಸ್ಬೇಕು." ಅದನ್ನೂ ಪೇಂಟರ್ ಕೈಯಲ್ಲೇ ಬರೆಸ್ತೀನಿ. 'ತ್ರ'ದ ಒತ್ತು ಅವರಷ್ಟು ಚೆನ್ನಾಗಿ ನನಗೆ ಬರಲ್ಲ.